ಸರ್ವೆ ಚಾರ್ಜು ಮತ್ತು ಅಳತೆಯ ಕ್ರಮ ಬದಲಾದ ಬಗ್ಗೆ ನಮ್ಮ ಗ್ರಾಹಕರಿಗೆ

ಎಲ್ಲರಿಗೂ ನಮಸ್ಕಾರ,

ನಮ್ಮ ಆಫೀಸಿನ ಹಳೇ ಕಥೆ ನಿಮಗೆ ಗೊತ್ತೇ ಉಂಟು, ಅದನ್ನು ಪುನಃ ಹೇಳ್ಲಿಕ್ಕೆ ಹೋಗುದಿಲ್ಲ. ಹಿಂದೆ ಟೇಪ್ ಹಿಡಿದು ಜಾಗ ಅಳೀತಾ ಇದ್ದ ನಾವು ಈಗ ಮಿಷಿನ್ ಇಟ್ಟು ಅಳೀತೇವೆ. ಕಳೆದ ಎರಡು ತಿಂಗಳಿಂದ ನಿಮಗೆ ಬರುವ ಬಿಲ್ಲಿನಲ್ಲಿ ಸೆಂಟ್ಸ್ ಲೆಕ್ಕ (ಜಾಗ ಎಷ್ಟು ದೊಡ್ಡದೋ ಅಷ್ಟು ಚಾರ್ಜು) ಹೋಗಿ ಪಾಯಿಂಟ್ ಲೆಕ್ಕ ಬಂದಿದೆ, ನಕ್ಷೆಯಲ್ಲಿ ಕೂಡ ವ್ಯತ್ಯಾಸ ಉಂಟು. ಇದನ್ನು ಮೊದ್ಲೇ ಫೋನ್ ಮಾಡಿಯಾದ್ರೂ ಹೇಳ್ಬೇಕಿತ್ತು, ಹೇಳ್ಲಿಲ್ಲ, ಬಿಲ್ಲು ಕೈಗೆ ಸಿಕ್ಕಿದ ಮೇಲೆ ನಿಮಗೆ ಗೊತ್ತಾದದ್ದು. ಅದು ನಮ್ಮ ತಪ್ಪೇ, ಕ್ಷಮಿಸಿ. ಆದ್ರೆ "ಮಿಷಿನ್ ತಂದ ಮೇಲೆ ಇವರಿಗೆ ದುಡ್ಡಿನ ಆಸೆ ಜಾಸ್ತಿ ಆಗಿದೆ" ಅಂತ ನಮ್ಮ ಬೆನ್ನ ಹಿಂದೆ ಅಲ್ಲ ಎದುರಿಗೇ ಹೇಳಿದವರಿದ್ದಾರೆ, ಅದು ಕೇಳಿ ತುಂಬಾ ಬೇಜಾರಾಯ್ತು, ಹಾಗಾಗಿ ಇಷ್ಟು ಉದ್ದ ಬರೀತಾ ಇದ್ದೇವೆ.

ಮೊದ್ಲು ಪಾಯಿಂಟ್ ಲೆಕ್ಕ. ಈಗ ನಾಲ್ಕು ಪಾಯಿಂಟ್ ತನಕ 2,500 ರೂಪಾಯಿ, ಅದರ ಮೇಲೆ ಪ್ರತಿ ಪಾಯಿಂಟಿಗೆ 350. ಪಾಯಿಂಟ್ ಅಂದ್ರೆ ಗಡಿ ಎಲ್ಲೆಲ್ಲಿ ತಿರುಗ್ತದೋ ಅಷ್ಟು ಮೂಲೆ. ಬಜ್ಪೆ ಕಡೆ 50 ಸೆಂಟ್ಸ್ ಚೌಕ ಜಾಗಕ್ಕೆ ನಾಲ್ಕೇ ಮೂಲೆ, ಅರ್ಧ ದಿನದಲ್ಲಿ ಮುಗೀತದೆ. ಗುರುಪುರದ ಹತ್ರ ತೋಡಿನ (ಸಣ್ಣ ಹಳ್ಳದ) ಬದಿಯಲ್ಲಿ 5 ಸೆಂಟ್ಸ್ ಜಾಗಕ್ಕೆ ಹನ್ನೊಂದು ಮೂಲೆ, ತೋಡು ಹೇಗೆ ಡೊಂಕೋ ಗಡಿಯೂ ಹಾಗೇ, ಅದಕ್ಕೆ ಎರಡು ದಿನ ಹೋಯ್ತು. ಸೆಂಟ್ಸ್ ಲೆಕ್ಕದಲ್ಲಿ ಆ ದೊಡ್ಡ ಜಾಗದವರು ಇಷ್ಟು ವರ್ಷ ಸಣ್ಣ ಜಾಗದವರ ಖರ್ಚನ್ನು ಹೊತ್ತುಕೊಂಡ ಹಾಗೆ ಆಗಿತ್ತು, ಅದು ನ್ಯಾಯ ಅಲ್ಲ. ಕೆಲವರ ಬಿಲ್ಲು ಕಡಿಮೆಯೂ ಆಗಿದೆ, ಆದ್ರೆ ಕಡಿಮೆ ಆದವರು ಯಾರೂ ಫೋನ್ ಮಾಡ್ಲಿಲ್ಲ.

"ಬಟನ್ ಒತ್ತಿದ್ರೆ ಆಯ್ತಲ್ಲ, ಒಂದು ಗಂಟೆಯ ಕೆಲ್ಸ" ಅಂತ ಹೇಳ್ತೀರಿ. ಬಟನ್ ಒತ್ತುದು ಒಂದು ಸೆಕೆಂಡೇ. ಆದ್ರೆ ಟೋಟಲ್ ಸ್ಟೇಷನ್‌ಗೆ (ಸ್ಟ್ಯಾಂಡಿನ ಮೇಲೆ ಇಟ್ಟು ದೂರ, ಕೋನ ಅಳೆಯುವ ನಮ್ಮ ಮಿಷಿನ್) ಎದುರಿನ ಮೂಲೆಯಲ್ಲಿ ಹಿಡಿದ ಪ್ರಿಸಂ (ಬೆಳಕು ವಾಪಸ್ ಕಳಿಸುವ ಗಾಜು) ಕಾಣ್ಬೇಕು, ನಡುವೆ ಬಲ್ಲೆ (ಪೊದೆ) ಇದ್ರೆ ಕಡಿಯಬೇಕು, ಅದಕ್ಕೆ ಇಬ್ಬರು ಆಳು, ಅವರ ಸಂಬಳ, ಊಟ, ರಿಕ್ಷಾ. ಜಿಪಿಎಸ್ ಇಟ್ಟು ಮಾಡಿ ಅಂತ ಕೆಲವರು ಸಲಹೆ ಕೊಡ್ತಾರೆ, ಬಯಲಲ್ಲಿ ಅದು ಒಳ್ಳೆದೇ, ಆದ್ರೆ ತೆಂಗು ಅಡಿಕೆ ತೋಟದ ಒಳಗೆ ಸ್ಯಾಟಲೈಟ್ ಸಿಗ್ನಲ್ ಸರಿ ಸಿಗುದಿಲ್ಲ, ಅಲ್ಲಿ ಟೋಟಲ್ ಸ್ಟೇಷನ್ ಇಟ್ಟೇ ಅಳೀಬೇಕು. ಮಣ್ಣಿನಡಿ ಹೋದ ಹಳೇ ಗಡಿಕಲ್ಲು ಹುಡುಕಿ ತೆಗೀಲಿಕ್ಕೇ ಕೆಲವೊಮ್ಮೆ ಬೆಳಗ್ಗಿನಿಂದ ಮಧ್ಯಾಹ್ನ ಆಗ್ತದೆ. ಎಲ್ಲ ಮೂಲೆ ಮುಗಿಸಿ ಶುರು ಮಾಡಿದ ಪಾಯಿಂಟಿಗೇ ವಾಪಸ್ ಬಂದು ಲೆಕ್ಕ ಮುಚ್ಚಬೇಕು. ಒಳಗಿನ ಕೋನ ಎಲ್ಲ ಕೂಡಿಸಿದ್ರೆ ನಾಲ್ಕು ಮೂಲೆಗೆ 360 ಡಿಗ್ರಿ ಬರ್ಬೇಕು, ಒಂಬತ್ತು ಮೂಲೆಗೆ 1,260, ಬರದಿದ್ರೆ ಎಲ್ಲೋ ತಪ್ಪಿದ್ದೇವೆ ಅಂತ ಲೆಕ್ಕ, ಮರುದಿನ ಪುನಃ ಹೋಗ್ತೇವೆ, ಆ ಎರಡನೇ ದಿನದ ದುಡ್ಡು ಯಾವತ್ತೂ ನಿಮ್ಮ ಹತ್ರ ಕೇಳ್ಲಿಲ್ಲ. ವರ್ಷಕ್ಕೊಮ್ಮೆ ಮಿಷಿನನ್ನು ಕ್ಯಾಲಿಬ್ರೇಷನ್‌ಗೆ (ಅಳತೆ ಸರಿ ಉಂಟಾ ಅಂತ ಪರೀಕ್ಷೆಗೆ) ಕಳಿಸ್ಬೇಕು, ಆ ದಿನಗಳಲ್ಲಿ ಕೆಲ್ಸವೂ ಇಲ್ಲ. ಮಳೆಗಾಲ ನಾಲ್ಕು ತಿಂಗಳು ಹೇಗಿರ್ತದೆ ಅಂತ ಮಂಗಳೂರಿನವರಿಗೆ ನಾವು ಹೇಳ್ಬೇಕಾ?

ಈಗ ಅತಿ ಹೆಚ್ಚು ಕೇಳಿದ ದೂರು. "ಹಿಂದೆ ನೀವೇ 11 ಸೆಂಟ್ಸ್ ಅಂತ ಬರೆದು ಕೊಟ್ಟ ಜಾಗ ಈಗ 10.35 ಹೇಗೆ ಆಯ್ತು, ಉಳಿದದ್ದು ಎಲ್ಲಿ ಹೋಯ್ತು?" ವಾರಕ್ಕೆ ಇಬ್ಬರಾದ್ರೂ ಕೇಳ್ತಾರೆ, ಒಬ್ಬರು ಆಚೆ ಮನೆಯವರ ಜೊತೆ ನಾವು ಸೇರಿಕೊಂಡಿದ್ದೇವೆ ಅಂತ ಕೂಡ ಹೇಳಿಬಿಟ್ರು.

ಜಾಗ ಎಲ್ಲಿಗೂ ಹೋಗ್ಲಿಲ್ಲ ಮಾರಾಯ್ರೆ. ಹಿಂದೆ ನಾವು ಮಾಡ್ತಾ ಇದ್ದದ್ದು ನಾಲ್ಕು ಬದಿಯ ಲೆಕ್ಕ, ಊರಲ್ಲಿ ಎಲ್ಲರೂ ಮಾಡುದು ಅದೇ, ಎದುರುಬದುರು ಬದಿ ಕೂಡಿಸಿ ಅರ್ಧ ಮಾಡಿ ಗುಣಿಸುದು. ಒಂದು ಜಾಗದ ಬದಿಗಳು 60, 80, 60, 80 ಅಡಿ ಅಂತ ಇಟ್ಕೊಳ್ಳಿ. ಗುಣಿಸಿದ್ರೆ 4,800 ಚದರ ಅಡಿ, ಒಂದು ಸೆಂಟಿಗೆ 435.6 ಚದರ ಅಡಿ, ಹಾಗಾಗಿ 11 ಸೆಂಟ್ಸ್. ಇದು ಸರಿ ಆಗ್ಬೇಕಾದ್ರೆ ಮೂಲೆ ನಾಲ್ಕೂ ಮಟ್ಟವಾಗಿ 90 ಡಿಗ್ರಿ ಇರ್ಬೇಕು. ಹಳೇ ಮಂಚದ ಚೌಕಟ್ಟಿನ ಸಂದು ಸಡಿಲ ಆದ್ರೆ ಒಂದು ಕಡೆಗೆ ವಾಲ್ತದೆ ನೋಡಿ, ಮರದ ಉದ್ದ ಒಂದು ಇಂಚೂ ಕಡಿಮೆ ಆಗುದಿಲ್ಲ ಆದ್ರೆ ಒಳಗಿನ ಜಾಗ ಕಡಿಮೆ ಆಗ್ತದೆ. ಅದೇ 60-80 ಬದಿಯ ಜಾಗದ ಮೂಲೆ 70 ಡಿಗ್ರಿ ಆಗಿದ್ರೆ ಒಳಗೆ ಇರುದು ಸುಮಾರು 4,510 ಚದರ ಅಡಿ, ಅಂದ್ರೆ 10.35 ಸೆಂಟ್ಸ್. ನಾಲ್ಕು ಬದಿಯ ಲೆಕ್ಕ ಯಾವಾಗ್ಲೂ ಜಾಸ್ತಿಯೇ ತೋರಿಸ್ತದೆ, ಜಾಗ ಮಟ್ಟವಾದ ಆಯತ ಆಗಿದ್ರೆ ಮಾತ್ರ ಸರಿ, ಕಡಿಮೆ ತೋರಿಸುದು ಅಂತ ಇಲ್ಲವೇ ಇಲ್ಲ.

ಇದನ್ನು ಹಿಡಿಯುದು ಮೂಲೆಯಿಂದ ಮೂಲೆಗೆ ಅಳೆದ್ರೆ, ಶಾಲೆಯಲ್ಲಿ ಕರ್ಣ ಅಂತ ಕಲಿತದ್ದು. ಪಾಯ ಹಾಕುವಾಗ ಮೇಸ್ತ್ರಿಗಳು 3-4-5 ಇಟ್ಟು (ಬದಿ 3 ಮತ್ತು 4, ಕರ್ಣ 5) ಮೂಲೆ ಮಟ್ಟ ಮಾಡ್ತಾರಲ್ಲ, ಅದೇ ಲೆಕ್ಕ. 60-80ಕ್ಕೆ ಮೂಲೆ ಸರಿ ಇದ್ರೆ ಎರಡೂ ಕರ್ಣ ಸರೀ 100 ಅಡಿ. ವಾಲಿದ ಜಾಗದಲ್ಲಿ ಒಂದು 82, ಇನ್ನೊಂದು 115 ಬರ್ತದೆ. ಕರ್ಣ ಎಳೆದ ಕೂಡ್ಲೆ ಜಾಗ ಎರಡು ತ್ರಿಕೋನ ಆಗ್ತದೆ, ತ್ರಿಕೋನದ ಮೂರು ಬದಿ ಗೊತ್ತಾದ್ರೆ ಅದು ಆಚೆ ಈಚೆ ವಾಲ್ಲಿಕ್ಕೆ ಆಗುದಿಲ್ಲ.

ಇನ್ನೊಂದು ಕಾರಣ ನಮ್ಮ ಗುಡ್ಡೆ. ನೀರುಮಾರ್ಗ, ಕೊಣಾಜೆ ಕಡೆ ಮಟ್ಟ ಜಾಗ ಎಲ್ಲುಂಟು? ಟೇಪನ್ನು ಇಳಿಜಾರಿನ ಮೇಲೆ ಮಲಗಿಸಿ ಹಿಡಿದ್ರೆ 41 ಮೀಟರ್ ಬರುವಲ್ಲಿ, 9 ಮೀಟರ್ ಎತ್ತರ ಇದ್ರೆ, ನಕ್ಷೆಗೆ ಹೋಗುದು 40 ಮೀಟರ್ ಮಾತ್ರ. ಜಾಗದ ಅಳತೆ ಅಡ್ಡಮಟ್ಟದಲ್ಲೇ ಆಗ್ಬೇಕಾದದ್ದು, ತೆಂಗಿನ ಮರ ಇಳಿಜಾರಿನಲ್ಲಿಯೂ ನೆಟ್ಟಗೆ ಮೇಲೆ ಹೋಗ್ತದೆ, ಮನೆಯ ಗೋಡೆಯೂ ಹಾಗೇ, ಇಳಿಜಾರಿನ ಆ ಹೆಚ್ಚಿನ ಒಂದು ಮೀಟರಲ್ಲಿ ಏನೂ ಹೆಚ್ಚು ಕಟ್ಲಿಕ್ಕೆ ಆಗುದಿಲ್ಲ.

ಸರಿಯಾಗಿ ಅಳೆದ್ರೆ ಕಡಿಮೆ ಬರುದು ನಿಮ್ಮ ಜಾಗಕ್ಕೆ ಮಾತ್ರ ಆದದ್ದೂ ಅಲ್ಲ. 1802ರಲ್ಲಿ ಬ್ರಿಟಿಷ್ ಸರ್ವೇಯರ್ ಲ್ಯಾಂಬ್ಟನ್ ಅವರು ಮದ್ರಾಸಿನ ಸೈಂಟ್ ಥಾಮಸ್ ಮೌಂಟ್ ಹತ್ರ ಏಳೂವರೆ ಮೈಲಿಯ ಒಂದು ಗೆರೆ ಅಳೆದು, ಅಲ್ಲಿಂದ ತ್ರಿಕೋನದ ಮೇಲೆ ತ್ರಿಕೋನ ಇಡ್ತಾ ನಮ್ಮ ಮಂಗಳೂರಿನ ತನಕ ಬಂದ್ರು. ಹಳೇ ನಕ್ಷೆಯಲ್ಲಿ ಈ ಕಡಲಿಂದ ಆ ಕಡಲಿಗೆ ಸುಮಾರು 400 ಮೈಲಿ ಅಂತ ಇದ್ದದ್ದು ಅವರ ಲೆಕ್ಕಕ್ಕೆ 360 ಆಯ್ತು. ಒಂದು ಅಡಿ ನೆಲವನ್ನೂ ಯಾರೂ ಕದ್ದಿರ್ಲಿಲ್ಲ.

ಆದ್ರೂ ಹಿಂದೆ 11 ಅಂತ ಬರೆದು ಕೊಟ್ಟದ್ದು ನಮ್ಮ ಕೈಯೇ. ಟೇಪ್ ಇದ್ದಾಗ್ಲೂ ಕರ್ಣ ಅಳೀಬಹುದಿತ್ತು, ತೋಟ ದಾಟಿ ಹೋಗ್ಬೇಕಲ್ಲ ಅಂತ ಬಿಟ್ಟದ್ದುಂಟು. ಅದನ್ನು ನಂಬಿ ಅಣ್ಣತಮ್ಮಂದಿರು ಪಾಲು ಮಾಡಿಕೊಂಡದ್ದೂ ಉಂಟು, ಅದನ್ನು ನೆನೆದ್ರೆ ನಮಗೂ ನಿದ್ದೆ ಬರುದಿಲ್ಲ. ಹಾಗಾಗಿ ನಾವು ಹಿಂದೆ ಮಾಡಿದ ನಾಲ್ಕು ಮೂಲೆಯ ನಕ್ಷೆ ಯಾರ ಹತ್ರ ಉಂಟೋ ಅವರು ತನ್ನಿ, ಬಂದು ಎರಡೂ ಕರ್ಣ ಅಳೆದು ಸರಿಪಡಿಸಿ ಕೊಡ್ತೇವೆ, ಅದಕ್ಕೆ ಒಂದು ರೂಪಾಯಿಯೂ ಬೇಡ.

ಗಡಿಕಲ್ಲಿನದ್ದು ಒಂದು ವಿಷಯ ಉಂಟು. ಪುಸ್ತಕದಲ್ಲಿ ಬಿಂದುವಿಗೆ ಉದ್ದ ಅಗಲ ಇಲ್ಲ, ಆದ್ರೆ ಕಲ್ಲು ಎಂಟು ಇಂಚು ಅಗಲ ಇರ್ತದೆ. ನೀವು ಕಲ್ಲಿನ ಆಚೆ ಬದಿಯಿಂದ ಹಿಡಿತೀರಿ, ಆಚೆಯವರು ಈಚೆ ಬದಿಯಿಂದ, 80 ಅಡಿ ಉದ್ದದ ಗಡಿಗೆ ಆ ಎಂಟು ಇಂಚೇ 53 ಚದರ ಅಡಿ ಆಗ್ತದೆ, ಜಗಳಕ್ಕೆ ಅಷ್ಟು ಸಾಕು. ಇನ್ನು ನಾವು ಪ್ರತಿ ಕಲ್ಲಿನ ನಡುವೆ ಉಳಿಯಲ್ಲಿ ಪ್ಲಸ್ ಗುರುತು ಕೆತ್ತಿಸ್ತೇವೆ, ಎರಡೂ ಕಡೆಯವರು ಎದುರಿಗೆ ಇದ್ರೆ ಮಾತ್ರ. ಆ ದಿನ ದಯಮಾಡಿ ಆಚೆ ಮನೆಯವರನ್ನೂ ಕರೀರಿ.

ಘಟ್ಟದ ಮೇಲಿನಿಂದ ಬಂದು ಜಾಗ ತಗೊಳ್ಳುವವರಿಗೆ ಒಂದು ಮಾತು. ನಮ್ಮ ಜಿಲ್ಲೆ ಮದ್ರಾಸು ಪ್ರಾಂತ್ಯದಲ್ಲಿದ್ದ ಕಾರಣ ಇಲ್ಲಿ ಸೆಂಟ್ಸ್, ನಿಮ್ಮಲ್ಲಿ ಗುಂಟೆ. ಒಂದು ಗುಂಟೆಗೆ ಎರಡೂವರೆ ಸೆಂಟ್ಸ್, ಹತ್ತು ಸೆಂಟ್ಸನ್ನು ಹತ್ತು ಗುಂಟೆ ಅಂತ ಓದಿ ಅಡ್ವಾನ್ಸ್ ಕೊಡ್ಬೇಡಿ. ನಮ್ಮ ನಕ್ಷೆಯಲ್ಲಿ ಇನ್ನು ಚದರ ಮೀಟರ್, ಸೆಂಟ್ಸ್, ಗುಂಟೆ ಮೂರೂ ಇರ್ತದೆ. ಮತ್ತೆ ನಮ್ಮ ನಕ್ಷೆ ನಿಮ್ಮ ತಿಳುವಳಿಕೆಗೆ, ರಿಜಿಸ್ಟ್ರೇಷನ್‌ಗೆ ಬೇಕಾದ 11ಇ ಸ್ಕೆಚ್‌ಗೆ (ಸರ್ಕಾರಿ ನಕ್ಷೆಗೆ) ಸರ್ವೆ ಇಲಾಖೆಗೇ ಅರ್ಜಿ ಹಾಕ್ಬೇಕು, ಇದನ್ನು ಯಾವಾಗ್ಲೂ ಹೇಳ್ತಾ ಬಂದಿದ್ದೇವೆ.

ಬಿಲ್ಲಿನ ಬಗ್ಗೆ ಸಂಶಯ ಇದ್ದವರು ಶನಿವಾರ ಮಧ್ಯಾಹ್ನದ ಮೇಲೆ ಆಫೀಸಿಗೆ ಬನ್ನಿ, ಫೀಲ್ಡ್ ಪುಸ್ತಕ ನಿಮ್ಮ ಎದುರಿಗೇ ಬಿಚ್ಚಿ ಒಂದೊಂದು ಪಾಯಿಂಟ್ ತೋರಿಸ್ತೇವೆ. ಹಳೇ ನಕ್ಷೆ ತರ್ಲಿಕ್ಕೆ ಮರೀಬೇಡಿ, ಮಳೆ ಶುರು ಆಗುವ ಮೊದ್ಲು ತಂದ್ರೆ ಈ ವರ್ಷವೇ ಬಂದು ಅಳೀತೇವೆ.

ಇತಿ ನಿಮ್ಮ ಸರ್ವೆ ಆಫೀಸಿನವರು, ಮಂಗಳೂರು