ವಯಸ್ಸು ಕೇಳಬೇಕಾದ್ದು ಹಣ ತಗೊಳ್ಳುವ ಮೊದಲು

ಗೆ,
ಗ್ರಾಹಕರ ದೂರು ವಿಭಾಗ

ವಿಷಯ: 17 ವರ್ಷದ ಹುಡುಗನಿಗೆ ನಿಮ್ಮ ಆನ್‌ಲೈನ್ ಕ್ಯಾಸಿನೊದಲ್ಲಿ ಖಾತೆ ಕೊಟ್ಟಿರುವುದು ಮತ್ತು ಕಟ್ಟಿದ ಹಣ ವಾಪಸ್ ಕೊಡದಿರುವುದು

ಮಾನ್ಯರೇ,

ನನ್ನ ಮಗನಿಗೆ 17 ವರ್ಷ. ನಿಮ್ಮ ಆ್ಯಪ್‌ನಲ್ಲಿ ಮೂರು ವಾರ ಸ್ಲಾಟ್, ರೂಲೆಟ್ ಆಡಿದ್ದಾನೆ. ಆಡೋಕೆ 18 ತುಂಬಿರಬೇಕು ಅಂತ ನಿಮ್ಮ ನಿಯಮದಲ್ಲೇ ಇದೆ. ಆದರೂ ಐದು ಸಲ ನನ್ನ ಕಾರ್ಡ್‌ನಿಂದ ಹಣ ಹೋಗಿದೆ. ಖಾತೆಯಲ್ಲಿ ಅವನ ಹೆಸರು, ಕಾರ್ಡ್ ಮೇಲೆ ನನ್ನ ಹೆಸರು. ಐದು ಸಲವೂ ನೀವು ಯಾವ ದಾಖಲೆಯನ್ನೂ ಕೇಳಲಿಲ್ಲ. ಅವನು ಒಂದು ದಿನ ಗೆದ್ದು, ಆ ಹಣ ತೆಗೆಯಲು ಹೋದಾಗ ಮಾತ್ರ ಗುರುತಿನ ಚೀಟಿಯ ಫೋಟೊ ಕೇಳಿದಿರಿ. ಎರಡು ದಿನಕ್ಕೆ ಖಾತೆ ಮುಚ್ಚಿ, ಗೆದ್ದಿದ್ದರ ಜೊತೆ ಕಟ್ಟಿದ್ದನ್ನೂ ಇಟ್ಟುಕೊಂಡಿರಿ.

ಮಗ ತಪ್ಪು ವಯಸ್ಸು ಹೇಳಿದ್ದು ನಿಜ. ಕಾರ್ಡ್ ವಿವರ ಮನೆಯ ಟ್ಯಾಬ್‌ನಲ್ಲಿ ಉಳಿಸಿಟ್ಟಿದ್ದು ನನ್ನ ತಪ್ಪು. ಅವನಿಗೆ ಹೇಳಬೇಕಾದ್ದನ್ನು ಕೂರಿಸಿಕೊಂಡು ಹೇಳಿದ್ದೇನೆ. ಆಗ ಅವನು, "ಒಳಗೆ ಬಿಟ್ರಲ್ಲಮ್ಮಾ, ಅದಕ್ಕೇ ಪರವಾಗಿಲ್ಲ ಅಂದ್ಕೊಂಡೆ" ಅಂದ. ಈ ಮಾತಿಗೆ ನನ್ನ ಹತ್ರ ಉತ್ತರ ಇರಲಿಲ್ಲ.

ಅಷ್ಟು ಸುಲಭವಾಗಿ ಹೇಗೆ ಬಿಟ್ಟರು ಅಂತ ಒಂದು ರಾತ್ರಿ ನಾನೇ ಆ್ಯಪ್‌ನಲ್ಲಿ ಖಾತೆ ಮಾಡುವ ಫಾರ್ಮ್ ತೆರೆದೆ. ಹುಟ್ಟಿದ ವರ್ಷದ ಜಾಗದಲ್ಲಿ ಒಂದು ವರ್ಷ ಆಗಲೇ ತುಂಬಿತ್ತು. ಲೆಕ್ಕ ಹಾಕಿದರೆ ಸರಿಯಾಗಿ 18. ಅದನ್ನು ತೆಗೆದು ಮಗನ ನಿಜವಾದ ವರ್ಷ ಹಾಕಿದೆ. ವಯಸ್ಸು ಸಾಲದು ಅಂತ ಕೆಂಪಕ್ಷರದಲ್ಲಿ ಬಂತು. ಹಿಂದೆ ಹೋಗಿ ಒಂದೇ ಒಂದು ವರ್ಷ ಬದಲಾಯಿಸಿದೆ. ತಕ್ಷಣ ಖಾತೆ ಸಿದ್ಧ, ಜೊತೆಗೆ ಸ್ವಾಗತದ ಬೋನಸ್. ಅದೇ ಫೋನ್, ಅದೇ ಹೆಸರು, ನಡುವೆ ಅರ್ಧ ನಿಮಿಷವೂ ಆಗಿರಲಿಲ್ಲ. 18 ಅನ್ನೋದು ಏನು ಅಂತ ಮಕ್ಕಳಿಗೆ ನೀವೇ ಹೇಳಿಕೊಟ್ಟ ಹಾಗಾಯ್ತು ಅಲ್ವಾ?

ಅಲ್ಲಿಗೆ ಬಿಡೋಣ ಅಂದ್ಕೊಂಡರೂ ವಿಷಯ ನನ್ನನ್ನು ಬಿಡಲಿಲ್ಲ, ಬೇರೆ ದೇಶಗಳಲ್ಲಿ ಹೇಗಿದೆ ಅಂತ ಓದಿದೆ. ಕ್ಯಾಸಿನೊಗೆ ಬ್ರಿಟನ್‌ನಲ್ಲಿ 18, ನ್ಯೂಜಿಲೆಂಡ್‌ನಲ್ಲಿ 20, ಸಿಂಗಾಪುರ ಮತ್ತು ಅಮೆರಿಕದ ನೆವಾಡಾದಲ್ಲಿ 21. ಜೂಜಿನ ದುಡ್ಡಿನಲ್ಲೇ ನಡೆಯುವ ಚೀನಾದ ಮಕಾವು ಕೂಡ 2012ರಲ್ಲಿ 18ನ್ನು 21ಕ್ಕೆ ಏರಿಸಿತು. ಸಂಖ್ಯೆ ಬೇರೆ ಬೇರೆ ಇರಲಿ, ನನ್ನ ಜಗಳ ಅದರ ಮೇಲಲ್ಲ. ವಯಸ್ಸು ಯಾವಾಗ ನೋಡುತ್ತಾರೆ ಅನ್ನೋದು ಮುಖ್ಯ. ಬ್ರಿಟನ್‌ನಲ್ಲೂ ಮೊದಲು ಖಾತೆ ತೆರೆದ ಮೇಲೆ ಪರಿಶೀಲನೆಗೆ 72 ಗಂಟೆ ಸಮಯ ಇತ್ತು. 2019ರ ಮೇ 7ರಿಂದ ಅದನ್ನು ತೆಗೆದುಹಾಕಿದರು. ಈಗ ವಯಸ್ಸು ಖಚಿತವಾಗದೆ ಹಣ ಕಟ್ಟಿಸಿಕೊಳ್ಳುವಂತಿಲ್ಲ, ಪುಕ್ಕಟೆ ಆಟವನ್ನೂ ಆಡಿಸುವಂತಿಲ್ಲ. ಚಿಕ್ಕವರು ಆಡಿದ್ದು ಗೊತ್ತಾದರೆ ಗೆದ್ದಿದ್ದನ್ನು ಕೊಡಬೇಕಿಲ್ಲ, ಕಟ್ಟಿದ್ದನ್ನು ವಾಪಸ್ ಕೊಡಲೇಬೇಕು.

ಗೆದ್ದ ಹಣ ನಮಗೂ ಬೇಡ. ಆದರೆ ಕಟ್ಟಿದ್ದು? ಆಡುವ ಹಕ್ಕೇ ಇಲ್ಲದವನ ಜೊತೆ ಆಡಿ ಅವನ ಹಣ ಇಟ್ಟುಕೊಳ್ಳೋದು ಯಾವ ನ್ಯಾಯ? ಗುರುತಿನ ಚೀಟಿ ನೋಡುವ ವ್ಯವಸ್ಥೆ ನಿಮ್ಮಲ್ಲಿ ಇದೆ. ಅದನ್ನು ಹಣ ಹೊರಗೆ ಹೋಗುವ ಬಾಗಿಲಲ್ಲಿ ಇಟ್ಟಿದ್ದೀರಿ. ಒಳಗೆ ಬರುವ ಬಾಗಿಲಿಗೆ ತನ್ನಿ.

ಇನ್ನೊಂದು ವಿಷಯ. ಖಾತೆ ಮುಚ್ಚಿ ಹನ್ನೊಂದು ದಿನ ಆಯ್ತು. ಮೊನ್ನೆ ಅವನು ಓದಲು ಕೂತಿದ್ದಾಗ ಪಕ್ಕದಲ್ಲಿದ್ದ ಫೋನ್ ಮಿಣುಕಿತು. "ನಿಮಗಾಗಿ 20 ಉಚಿತ ಸ್ಪಿನ್ ಕಾದಿವೆ" ಅಂತ ನಿಮ್ಮ ಸಂದೇಶ. ಅವನು ಫೋನ್ ಬೋರಲು ಹಾಕಿದ. ಆದರೆ ಆಮೇಲೆ ತುಂಬಾ ಹೊತ್ತು ಪುಸ್ತಕದ ಪುಟ ಮಗುಚಲಿಲ್ಲ. ಅವನಿಗೆ 17 ಅಂತ ಅಷ್ಟರಲ್ಲಿ ನಿಮಗೆ ಗೊತ್ತಿತ್ತು.

ಐದು ಸಲ ಕಟ್ಟಿದ ಹಣವನ್ನು ಬಂದ ಕಾರ್ಡ್‌ಗೇ ವಾಪಸ್ ಹಾಕಿ. ಅವನ ನಂಬರ್‌ಗೆ ಸಂದೇಶ ಕಳಿಸುವುದನ್ನು ಇವತ್ತೇ ನಿಲ್ಲಿಸಿ. ಆ ಫಾರ್ಮ್ ಯಾವಾಗ ಸರಿ ಮಾಡುತ್ತೀರಿ ಅಂತ ಬರೆದು ತಿಳಿಸಿ. 15 ದಿನದಲ್ಲಿ ಉತ್ತರ ಬರದಿದ್ದರೆ, ನಿಮಗೆ ಲೈಸೆನ್ಸ್ ಕೊಟ್ಟ ಪ್ರಾಧಿಕಾರಕ್ಕೆ ಇದೇ ಪತ್ರ ಕಳಿಸುತ್ತೇನೆ. ಹಣ ಕಟ್ಟಿದ ರಸೀದಿಗಳು, ಫಾರ್ಮ್‌ನ ಸ್ಕ್ರೀನ್‌ಶಾಟ್‌ಗಳು ಮತ್ತು ಮೊನ್ನೆಯ ಸಂದೇಶ ಇದರ ಜೊತೆಗಿವೆ.

ಇಂತಿ,
ಹುಡುಗನ ತಾಯಿ ಹಾಗೂ ಕಾರ್ಡ್‌ದಾರರು