ಅಕ್ಕನಿಗೆ, ತಪ್ಪಿಹೋದ ತಾರೀಕಿನ ಬಗ್ಗೆ

ಲೆಸ್ಟರ್, ಇಂಗ್ಲೆಂಡ್

ಪ್ರೀತಿಯ ಅಕ್ಕನಿಗೆ,

ಪುಟ್ಟನಿಗೆ ಅಂಗವೈಕಲ್ಯದ ಸರ್ಟಿಫಿಕೇಟು ಕೊಡುವ ಮೆಡಿಕಲ್ ಬೋರ್ಡಿನ ತಾರೀಕು ತಪ್ಪಿತು ಅಂತ ನೀನು ಫೋನಿನಲ್ಲಿ ಹೇಳಿದಾಗಿನಿಂದ ನನಗೆ ಬೇರೆ ಕೆಲಸದಲ್ಲಿ ಮನಸ್ಸು ನಿಲ್ಲುತ್ತಿಲ್ಲ. ಅಮ್ಮ ಪಕ್ಕದಲ್ಲೇ ಇದ್ದರು ಅಂತ ನೀನು ಜಾಸ್ತಿ ಮಾತಾಡಲಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದ ಆದರೆ ಭಾವನೂ ಓದಬಹುದು, ಸರ್ಕಾರಿ ಅರ್ಜಿ ಹಾಕುವ ಅಕ್ಷಯ ಕೇಂದ್ರಕ್ಕೆ ಹೋಗುವಾಗ ಜೊತೆಗೆ ತೆಗೆದುಕೊಂಡೂ ಹೋಗಬಹುದು.

ಇದು ನಿನ್ನ ತಪ್ಪಲ್ಲ ಅಕ್ಕ. ನೋಟೀಸು ಬಂದದ್ದು ಮಲಯಾಳದಲ್ಲಿ. ಅದನ್ನು ಓದಿ ಹೇಳುವವರು ಸಿಗುವಷ್ಟರಲ್ಲಿ ತಾರೀಕು ಹತ್ತಿರವಾಗಿತ್ತು. ಆ ದಿನ ಬೆಳಿಗ್ಗೆಯೇ ಪುಟ್ಟನಿಗೆ ಫಿಟ್ಸ್ ಬಂತು. ಅಂಥ ಹುಡುಗನನ್ನು ಆ ಮಳೆಯಲ್ಲಿ ನಮ್ಮ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಜೀಪಿನಲ್ಲಿ ಮಲಗಿಸಿಕೊಂಡು ಹೋಗಿ ಆಸ್ಪತ್ರೆಯ ವರಾಂಡದಲ್ಲಿ ಕ್ಯೂ ನಿಲ್ಲಲು ಯಾವ ತಾಯಿಗೆ ಮನಸ್ಸು ಬರುತ್ತದೆ? ಮಾರನೇ ದಿನ ಭಾವ ಹೋಗಿ ಕೇಳಿದರೆ, "ಬರಲಿಲ್ಲ ಅಲ್ವಾ, ಇನ್ನು ಹೊಸದಾಗಿ ಅರ್ಜಿ ಹಾಕಿ" ಅಂದರಂತೆ. ಆ ಮಾತನ್ನು ಹಾಗೇ ಒಪ್ಪಬೇಡಿ. ಕೌಂಟರಿನಲ್ಲಿ ಬಾಯಿಮಾತಲ್ಲಿ ಹೇಳಿದ್ದು ತೀರ್ಮಾನ ಅಲ್ಲ.

ನಾನು ಮನೆಗೆ ಹೋಗಿ ನೋಡಿಕೊಳ್ಳುವವರಲ್ಲಿ ಒಬ್ಬರು ಹೆಂಗಸಿದ್ದಾರೆ. ನರಗಳ ಕಾಯಿಲೆ, ಮಲ್ಟಿಪಲ್ ಸ್ಕ್ಲೆರೋಸಿಸ್. ಇಲ್ಲಿ ಅಂಗವಿಕಲರಿಗೆ, ದೀರ್ಘಕಾಲದ ಕಾಯಿಲೆ ಇರುವವರಿಗೆ ಪಿಐಪಿ ಅಂತ ಒಂದು ಭತ್ಯೆ ಇದೆ, 2013ರಲ್ಲಿ ಶುರುವಾದದ್ದು. ಅರ್ಜಿ ಹಾಕಿದ ಮೇಲೆ ಒಬ್ಬರು ಫೋನಿನಲ್ಲೋ ಎದುರು ಕೂತೋ ಎಲ್ಲಾ ವಿಚಾರಿಸುತ್ತಾರೆ. ಆ ವಿಚಾರಣೆ ತಪ್ಪಿದರೆ, ಸರಿಯಾದ ಕಾರಣವನ್ನೂ ಕೊಡದಿದ್ದರೆ, ಅರ್ಜಿ ಬಿದ್ದುಹೋಗುತ್ತದೆ. ಇವರಿಗೆ ನಂಬರು ಕಾಣಿಸದ ಫೋನಿನಿಂದ ಕರೆ ಬಂತು. ಆ ದಿನ ಕೈ ಮರಗಟ್ಟಿತ್ತು, ಫೋನು ಎತ್ತಲು ಆಗಲಿಲ್ಲ. ಸ್ವಲ್ಪ ದಿನಕ್ಕೆ, ನಿಮಗೆ ಭತ್ಯೆ ಇಲ್ಲ ಅಂತ ಕಾಗದವೇ ಬಂತು. ಎಷ್ಟು ಅತ್ತರು ಗೊತ್ತಾ. ಆದರೆ ಸುಮ್ನೆ ಕೂರಲಿಲ್ಲ. ತೀರ್ಮಾನವನ್ನು ಮತ್ತೊಮ್ಮೆ ನೋಡಿ ಅಂತ ಕೇಳಲು ಇಲ್ಲಿ 1 ತಿಂಗಳ ಸಮಯ ಇರುತ್ತದೆ. ಆ ತಿಂಗಳೊಳಗೆ ಬರೆದರು. ಆ ಹೊತ್ತಿಗೆ ಏನಾಗಿತ್ತು ಅಂತ ಇದ್ದದ್ದು ಇದ್ದ ಹಾಗೆ ಬರೆದು, ಡಾಕ್ಟರ ಚೀಟಿ ಲಗತ್ತಿಸಿದರು. ತಿಂಗಳುಗಟ್ಟಲೆ ಕಾಯಬೇಕಾಯಿತು. ಆ ಚಳಿಗಾಲದಲ್ಲಿ ಕರೆಂಟ್ ಬಿಲ್ಲಿಗೆ ಹೆದರಿ ಹೀಟರ್ ಹಾಕದೆ ಕಂಬಳಿ ಹೊದ್ದು ಕೂತಿರುತ್ತಿದ್ದರು, ನನಗೆ ನೋಡಲು ಆಗುತ್ತಿರಲಿಲ್ಲ. ಕೊನೆಗೆ ಮಂಜೂರಾಯಿತು. ಮೊದಲು ಅರ್ಜಿಗೆ ಫೋನ್ ಮಾಡಿದ ದಿನದಿಂದ ಲೆಕ್ಕ ಹಾಕಿ ಹಿಂದಿನ ಬಾಕಿಯೂ ಬಂತು. ಅವರು ಹೊಸ ಅರ್ಜಿ ಹಾಕಿದ್ದರೆ ಅಷ್ಟು ತಿಂಗಳ ಹಣ ಹೋಗುತ್ತಿತ್ತು. ಅದಕ್ಕೇ ಹೇಳುವುದು, ಹಳೇ ಅರ್ಜಿಯನ್ನು ಬಿಟ್ಟುಕೊಡಬೇಡ.

ನೀನು ಈ ವಾರವೇ ಒಂದು ಕೆಲಸ ಮಾಡು. ತಾರೀಕು ತಪ್ಪಿದ್ದು ಏಕೆ ಅಂತ ಒಂದು ಅರ್ಜಿ ಬರೆದು ಬೋರ್ಡಿನ ಆಫೀಸಿಗೆ ಕೊಡು. ಫಿಟ್ಸ್ ಬಂದ ದಿನ ತೋರಿಸಿದ ಡಾಕ್ಟರ ಚೀಟಿಯ ಜೆರಾಕ್ಸ್ ಜೊತೆಗಿರಲಿ. ಹಳೇ ಅರ್ಜಿಯ ನಂಬರು ಹಾಕು, ಬೇರೆ ತಾರೀಕು ಕೊಡಿ ಅಂತ ಕೇಳು. ನಿನ್ನ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳದೆ ಅಲ್ಲಿಂದ ಹೊರಡಬೇಡ. ಸೀಲು ಹಾಕುವುದಿಲ್ಲ ಅಂದರೆ ಜಗಳ ಬೇಡ, ಸ್ಪೀಡ್ ಪೋಸ್ಟಿನಲ್ಲಿ ಕಳಿಸು.

ಅರ್ಜಿಯನ್ನು ಕನ್ನಡದಲ್ಲೇ ಬರಿ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಈ ಹಕ್ಕು ಇದೆ. ನಾವಿರುವ ಕಡೆಯ ಸರ್ಕಾರಿ ಆಫೀಸಿಗೆ ನಮ್ಮ ಭಾಷೆಯಲ್ಲಿ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಮುಂದಿನ ನೋಟೀಸು ಕನ್ನಡದಲ್ಲಿ ಬೇಕು ಅಂತ ಅದರಲ್ಲೇ ಒಂದು ಸಾಲು ಸೇರಿಸು. ನಮ್ಮ ಎಣ್ಮಕಜೆ ಪಂಚಾಯತಿನಲ್ಲಿ ಕೂತು ಕನ್ನಡದ ನೋಟೀಸು ಕೇಳುವುದು ದೊಡ್ಡ ಬೇಡಿಕೆ ಏನಲ್ಲ.

ಇನ್ನೊಂದು ವಿಷಯ ಭಾವನಿಗೆ ಸರಿಯಾಗಿ ಹೇಳು. ಅಂಗವಿಕಲರ ಹಕ್ಕುಗಳ ಕಾಯ್ದೆಯ ನಿಯಮಗಳನ್ನು 2024ರ ಅಕ್ಟೋಬರಿನಲ್ಲಿ ಬದಲಾಯಿಸಿದ್ದಾರೆ. ಅರ್ಜಿ ಬಂದ 3 ತಿಂಗಳೊಳಗೆ ಪರೀಕ್ಷೆ ಮಾಡಿ ಸರ್ಟಿಫಿಕೇಟು ಕೊಡಬೇಕು ಅಂತ ಇದೆ. ಅದೇ ನಿಯಮದಲ್ಲಿ, 2 ವರ್ಷ ತೀರ್ಮಾನವಾಗದೆ ಉಳಿದ ಅರ್ಜಿ ನಿಷ್ಕ್ರಿಯವಾಗುತ್ತದೆ, ಮತ್ತೆ ಮೊದಲಿಂದ ಹಾಕಬೇಕು ಅಂತಲೂ ಇದೆ. ತಡ ಮಾಡಿದ್ದು ಯಾರೇ ಆಗಲಿ, ನಷ್ಟ ಮಾತ್ರ ನಮಗೆ. ಹಾಗಾಗಿ ಅವರೇ ಕರೆಯುತ್ತಾರೆ ಅಂತ ಕಾಯುವುದು ಬೇಡ, ಆಗಾಗ ಹೋಗಿ ಕೇಳಬೇಕು. ನಾಳೆ ಬೋರ್ಡು ಕೂತು ಅಂಗವೈಕಲ್ಯದ ಶೇಕಡಾ ಕಡಿಮೆ ಬರೆದರೂ ಎದೆಗುಂದಬೇಡ. 90 ದಿನದೊಳಗೆ ಮೇಲ್ಮನವಿ ಹಾಕಬಹುದು.

ಈಗ ನಾನು ನಿಜವಾಗಿ ಹೇಳಬೇಕು ಅಂತ ಕೂತ ವಿಷಯಕ್ಕೆ ಬರುತ್ತೇನೆ.

ಹಿಂದೆ ಪುಟ್ಟ ಸಣ್ಣವನಿದ್ದಾಗ ಬೋರ್ಡಿಗೆ ನಿನ್ನ ಜೊತೆ ನಾನೂ ಬಂದಿದ್ದೆ, ನೆನಪಿದೆಯಾ? "ಊಟ ಮಾಡ್ತಾನಾ?" ಅಂತ ಡಾಕ್ಟರು ಕೇಳಿದರು. ನೀನು "ಹೌದು ಡಾಕ್ಟ್ರೇ, ಮಾಡ್ತಾನೆ" ಅಂದೆ. "ನಿದ್ದೆ?" "ಪರವಾಗಿಲ್ಲ." ಅಷ್ಟೇ. ಮಗನ ಬಗ್ಗೆ ನಾಲ್ಕು ಜನರ ಎದುರು ಇಲ್ಲ, ಆಗೋದಿಲ್ಲ ಅನ್ನಲು ನಿನಗೆ ಬಾಯಿ ಬರಲಿಲ್ಲ. ಅದು ನನಗೆ ಅರ್ಥವಾಗುತ್ತದೆ. ಆದರೆ ಅಕ್ಕ, ಅವನು ಊಟ ಮಾಡುವುದು ಹೇಗೆ? ನೀನು ಗಂಜಿಯನ್ನು ಕಿವುಚಿ, ಅವನ ಕುತ್ತಿಗೆಗೆ ಕೈ ಕೊಟ್ಟು ಎತ್ತಿ ಹಿಡಿದು, ಚಮಚದಲ್ಲಿ ಒಂದೊಂದೇ ಗುಟುಕು ಹಾಕುತ್ತೀಯ. ಕೆಮ್ಮು ಬಂದರೆ ನಿಲ್ಲಿಸುತ್ತೀಯ. ಅಷ್ಟರಲ್ಲಿ ಗಂಜಿ ಆರುತ್ತದೆ, ಮತ್ತೆ ಬಿಸಿ ಮಾಡುತ್ತೀಯ. ನೀನು ಉಣ್ಣುವಾಗ ಮಧ್ಯಾಹ್ನ ಕಳೆದಿರುತ್ತದೆ. ಇದನ್ನೆಲ್ಲಾ "ಹೌದು, ಮಾಡ್ತಾನೆ" ಅನ್ನುವ ಒಂದು ಮಾತು ಮುಚ್ಚಿಬಿಟ್ಟಿತು.

ಇಲ್ಲಿ ಪಿಐಪಿಗೆ ಅಡುಗೆ, ಊಟ, ಸ್ನಾನ, ಬಟ್ಟೆ, ಶೌಚ, ಮಾತು, ನಡಿಗೆ ಹೀಗೆ 12 ಕೆಲಸಗಳಿಗೆ ಅಂಕ ಹಾಕುತ್ತಾರೆ. ಮಾಡಲು ಆಗುತ್ತದಾ ಅಂತ ಬರೀ ಅಷ್ಟೇ ಕೇಳಿದರೆ ಸಾಲದು ಅಂತ ಇಲ್ಲಿನ ಕಾನೂನಿನಲ್ಲಿದೆ. ಅಪಾಯವಿಲ್ಲದೆ ಆಗುತ್ತದಾ, ಅಚ್ಚುಕಟ್ಟಾಗಿ ಆಗುತ್ತದಾ, ಬೇಕಾದಷ್ಟು ಸಲ ಆಗುತ್ತದಾ, ಬೇರೆಯವರಿಗೆ ಹಿಡಿಯುವ ಹೊತ್ತಿನ ಎರಡರಷ್ಟರೊಳಗೆ ಮುಗಿಯುತ್ತದಾ, ಇದನ್ನೂ ನೋಡಬೇಕು. ನಮ್ಮಲ್ಲಿ ಲೆಕ್ಕ ಬೇರೆ, ಡಾಕ್ಟರು ನೋಡಿ ಶೇಕಡಾ ಹಾಕುತ್ತಾರೆ, 40 ಇದ್ದರೆ ಹೆಚ್ಚಿನ ಸೌಲಭ್ಯಗಳ ಬಾಗಿಲು ತೆರೆಯುತ್ತದೆ. ಆದರೂ ಈ ಪ್ರಶ್ನೆಗಳು ನಿನಗೆ ಉಪಯೋಗಕ್ಕೆ ಬರುತ್ತವೆ. ಒಂದು ನೋಟ್‌ಬುಕ್ ಇಟ್ಟುಕೋ. ದಿನಾ ರಾತ್ರಿ ಎರಡು ಸಾಲು ಬರಿ. ಫಿಟ್ಸ್ ಬಂದದ್ದು ಯಾವಾಗ, ಎಷ್ಟು ಹೊತ್ತು, ರಾತ್ರಿ ಎಷ್ಟು ಸಲ ಮಗ್ಗುಲು ತಿರುಗಿಸಿದೆ, ಸ್ನಾನಕ್ಕೆ ಎತ್ತಲು ಎಷ್ಟು ಜನ ಬೇಕಾಯಿತು. ಒಳ್ಳೆಯ ದಿನವನ್ನೂ ಬರಿ, ಸುಳ್ಳು ಬೇಡ. ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಗೆ ಬರುತ್ತಾರಲ್ಲ, ಅವರು ನೋಡಿದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಡಲು ಕೇಳು. ಮಂಗಳೂರಿನ ನರರೋಗ ಡಾಕ್ಟರ ಕಾಗದಗಳನ್ನು ತಾರೀಕಿನ ಪ್ರಕಾರ ಜೋಡಿಸಿ ಫೈಲ್ ಮಾಡು. ಅವನ ಸ್ಥಿತಿ ಬದಲಾಗುವಂಥದ್ದಲ್ಲ ಅಂತ ಅವುಗಳಲ್ಲಿ ಸ್ಪಷ್ಟವಾಗಿದ್ದರೆ ಈ ಸಲ ತಾತ್ಕಾಲಿಕ ಬೇಡ, ಕಾಯಂ ಸರ್ಟಿಫಿಕೇಟೇ ಕೊಡಿ ಅಂತ ಕೇಳಬಹುದು. 18 ದಾಟಿದ ಆ ದೇಹವನ್ನು ಮತ್ತೆ ಮತ್ತೆ ಎತ್ತಿಕೊಂಡು ಹೋಗಲು ನಿನ್ನ ಸೊಂಟಕ್ಕೂ ಆಗುವುದಿಲ್ಲ.

ಕೇಳಿ ಕೇಳಿ ಏನು ಪ್ರಯೋಜನ ಅಂತ ಭಾವ ಅಂದರಂತೆ. ನಮ್ಮೂರಿನದೇ ಕಥೆ ಅವರಿಗೆ ನೆನಪಿಸು. ಗೇರು ತೋಟಗಳಿಗೆ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ, 3 ತಿಂಗಳೊಳಗೆ ಕೊಡಿ ಅಂತ ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ಹೇಳಿತ್ತು. 2022ರಲ್ಲಿ ನೋಡಿದರೆ 3704 ಮಂದಿಯಲ್ಲಿ ಹಣ ಸಿಕ್ಕಿದ್ದು ಬರೀ 8 ಜನರಿಗೆ. ಆ 8 ಜನ ಯಾರು? ಹಣ ಬಂದಿಲ್ಲ ಅಂತ ಮತ್ತೆ ಕೋರ್ಟಿಗೆ ಹೋದವರು. ಅವರು ಹೋದದ್ದರಿಂದಲೇ ಕೋರ್ಟು ಸರ್ಕಾರವನ್ನು ಗದರಿಸಿತು, ಉಳಿದವರಿಗೂ ಹಣ ಬರತೊಡಗಿತು. ಹಾಸಿಗೆ ಹಿಡಿದ ಮಕ್ಕಳ ತಾಯಂದಿರು ಇಷ್ಟೆಲ್ಲಾ ಓಡಾಡಬೇಕಾಗಿ ಬಂದದ್ದು ಅನ್ಯಾಯ, ಅದರಲ್ಲಿ ಎರಡು ಮಾತಿಲ್ಲ.

ಅಂಗವಿಕಲರ ಪಿಂಚಣಿ 2025ರ ನವೆಂಬರಿನಲ್ಲಿ ತಿಂಗಳಿಗೆ 1600 ರೂಪಾಯಿಯಿಂದ 2000ಕ್ಕೆ ಏರಿತು. ಪುಟ್ಟನ ಡಯಾಪರಿಗೇ ಅದು ಸಾಲುವುದಿಲ್ಲ, ಗೊತ್ತು. ಆದರೂ ಅದು ಅವನ ಹೆಸರಿಗೆ ಬರುವ ಹಣ. ಪಿಂಚಣಿದಾರರು ಬದುಕಿದ್ದಾರೆ ಅಂತ ದಾಖಲಿಸುವ ವರ್ಷದ ಮಸ್ಟರಿಂಗ್ ತಪ್ಪಿಸಬೇಡ, ಹಾಸಿಗೆ ಹಿಡಿದವರಿದ್ದರೆ ಮನೆಗೇ ಬಂದು ಮಾಡುತ್ತಾರೆ, ಅಕ್ಷಯದಲ್ಲಿ ಮೊದಲೇ ಹೇಳಿಡು. ಈಗ ನಿಂತಿರುವ ಪಿಂಚಣಿ ಮತ್ತೆ ಶುರುವಾಗುವ ತನಕ ಮದ್ದಿನ ಖರ್ಚು ನನ್ನದು. ಜೀಪಿನ ಬಾಡಿಗೆಯೂ ಸೇರಿಸಿ ಅಮ್ಮನ ಖಾತೆಗೆ ಹಾಕಿದ್ದೇನೆ. ಬೇಡ ಅನ್ನಬೇಡ.

ಅಮ್ಮನಿಗೆ ಕಾಲುನೋವಿನ ಎಣ್ಣೆ ಮುಗಿದಿದ್ದರೆ ಬದಿಯಡ್ಕದಿಂದ ತರಿಸು. ಅರ್ಜಿ ಬರೆದ ಕೂಡಲೇ ಅದರ ಫೋಟೋ ನನಗೆ ಕಳಿಸು, ಕೊಡುವ ಮೊದಲು ಒಮ್ಮೆ ಓದುತ್ತೇನೆ. ಭಾನುವಾರ ನನಗೆ ರಜೆ, ನಿನ್ನ ರಾತ್ರಿ ಊಟದ ಹೊತ್ತಿಗೆ ಫೋನ್ ಮಾಡುತ್ತೇನೆ. ಪುಟ್ಟನ ಕಿವಿಗೆ ಫೋನ್ ಹಿಡಿ, ನನ್ನ ದನಿ ಕೇಳಿದರೆ ಅವನು ನಗುತ್ತಾನೆ.

ಇಂತಿ ನಿನ್ನ ಪ್ರೀತಿಯ,
ತಂಗಿ