28 ನಿಮಿಷ ಅಂತ ತೋರಿಸುವುದನ್ನು ಮೊದಲು ತೆಗೆಯಿರಿ

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ನಿಮ್ಮ ಆ್ಯಪ್‌ನಲ್ಲಿ ಹುಬ್ಬಳ್ಳಿ–ಬೆಂಗಳೂರು ವಿಮಾನದ ಸಮಯ ತಪ್ಪು ಬರುತ್ತಿರುವ ಬಗ್ಗೆ

ಮಾನ್ಯರೇ,

ನಾನು ಹುಬ್ಬಳ್ಳಿ ವಿದ್ಯಾನಗರದವನು. ಕೊಚ್ಚಿಯಲ್ಲಿರುವ ತಂಗಿಯ ಬಾಣಂತನಕ್ಕೆ ಅವ್ವನನ್ನು ಕಳಿಸಬೇಕಿತ್ತು. ನಿಮ್ಮ ಆ್ಯಪ್‌ನಲ್ಲಿ ಎರಡು ಏರ್‌ಪೋರ್ಟ್ ಹೆಸರು ಹಾಕಿದರೆ ದೂರ, ಸಮಯ ಎರಡೂ ಬರುತ್ತವೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ 370 ಕಿ.ಮೀ., 28 ನಿಮಿಷ ಎಂದು ಬಂತು. 11:20ಕ್ಕೆ ಇಲ್ಲಿ ಬಿಟ್ಟರೆ 12ರೊಳಗೆ ಅಲ್ಲಿರುತ್ತಾಳೆ ಅಂದುಕೊಂಡು, ಮಧ್ಯಾಹ್ನ 1:25ರ ಕೊಚ್ಚಿ ಟಿಕೆಟ್ಟನ್ನೇ ಮೊದಲು ತೆಗೆದೆ.

ಆಮೇಲೆ ಹುಬ್ಬಳ್ಳಿ ಟಿಕೆಟ್ ಬಂದಾಗ ತಲುಪುವ ಹೊತ್ತು 12:30 ಎಂದಿತ್ತು. ಗಾಬರಿಯಾಗಿ ನಿಮ್ಮವರಿಗೆ ಫೋನ್ ಮಾಡಿದೆ. "ಹಾರೋದು 28 ನಿಮಿಷಾನೇ ಸರ್, ಟಿಕೆಟ್‌ನಲ್ಲಿ ಸ್ವಲ್ಪ ಜಾಸ್ತಿ ಹಾಕಿರ್ತಾರೆ, ಬೇಗ ಇಳಿಯುತ್ತೆ" ಅಂದರು. ಅದನ್ನು ನಂಬಿ ಕೊಚ್ಚಿ ಟಿಕೆಟ್ ಬದಲಿಸಲಿಲ್ಲ.

ವಿಮಾನ ನಿಂತಾಗ 12:28. ಎರಡೂ ಬೇರೆ ಬೇರೆ ಟಿಕೆಟ್. ಹಾಗಾಗಿ ಚೀಲ ತೆಗೆದುಕೊಂಡು ಹೊರಗೆ ಬಂದು ಮತ್ತೆ ಚೆಕ್-ಇನ್ ಮಾಡಬೇಕು. ಅದರಲ್ಲಿ ಅಂಟಿನುಂಡಿ, ಶೇಂಗಾ ಚಟ್ನಿ, ಕೂಸಿಗೆಂದು ಹಳೇ ಇಳಕಲ್ ಸೀರೆಯಲ್ಲಿ ಹೊಲಿದ ಕುಂಚಿಗೆ ಇದ್ದವು. ಬೆಲ್ಟ್ ಮುಂದೆ ನಿಂತು ಫೋನ್ ಹಚ್ಚಿದಳು. "ಎಲ್ಲಾರದೂ ಬಂತೋ ಯಪ್ಪಾ, ನನ್ನ ಚೀಲಾ ಇನ್ನೂ ಬಂದಿಲ್ಲ" ಅಂದಳು. ಧ್ವನಿ ನಡುಗುತ್ತಿತ್ತು. ನಾನು ಇಲ್ಲಿ ಗೋಕುಲ ರೋಡಿನಲ್ಲಿ ಸ್ಕೂಟರ್ ನಿಲ್ಲಿಸಿ ಸುಮ್ನೆ ಕೇಳಿಸಿಕೊಳ್ಳುವುದು ಬಿಟ್ಟು ಏನೂ ಮಾಡುವಂತಿರಲಿಲ್ಲ. ಅವಳು ಹೋಗುವಷ್ಟರಲ್ಲಿ ಕೌಂಟರ್ ಮುಚ್ಚಿತ್ತು. ರಾತ್ರಿ ವಿಮಾನಕ್ಕೆ 6,840 ರೂಪಾಯಿ ಕೊಟ್ಟು ಹೊಸ ಟಿಕೆಟ್ ತೆಗೆದೆ. ಮಂಡಿನೋವಿನ ಅವ್ವ ಏಳು ತಾಸು ಅಲ್ಲೇ ಕುರ್ಚಿಯಲ್ಲಿ ಕೂತಳು.

ಈ 28 ಎಲ್ಲಿಂದ ಬಂತು ಎಂದು ಲೆಕ್ಕ ಹಾಕಿ ನೋಡಿದೆ. 370 ಕಿ.ಮೀ. ಸರಿಯಾಗಿದೆ. ಅದು ನೇರ ಗೆರೆಯ ದೂರ, ರಸ್ತೆಯಲ್ಲಾದರೆ 400 ದಾಟುತ್ತದೆ. ನೀವು ಅದನ್ನು ಜೆಟ್ ವೇಗಕ್ಕೆ, ಅಂದರೆ ಗಂಟೆಗೆ 800 ಕಿ.ಮೀ.ಗೆ ಭಾಗಿಸಿದ್ದೀರಿ. ಆದರೆ ಅವ್ವ ಹತ್ತಿದ್ದು ಎಟಿಆರ್, ರೆಕ್ಕೆಯಲ್ಲಿ ಪಂಖ ತಿರುಗುವ ವಿಮಾನ. ಅದರ ವೇಗ ಗಂಟೆಗೆ 500ರ ಆಸುಪಾಸು. ಆ ಲೆಕ್ಕಕ್ಕೇ 44 ನಿಮಿಷ ಬೇಕು. ಅದೂ ಇಡೀ ದಾರಿ ಪೂರ್ತಿ ವೇಗದಲ್ಲಿ ಹೋದರೆ. ಏರುವಾಗ, ಇಳಿಯುವಾಗ ಆ ವೇಗ ಇರುತ್ತದೆಯೇ? ಗಾಳಿ ನೋಡಿ, ರನ್‌ವೇ ದಿಕ್ಕು ನೋಡಿ ಸುತ್ತಿ ಬರಬೇಕು. ಇಳಿದ ಮೇಲೂ ನಿಲ್ಲುವ ಜಾಗದವರೆಗೆ ನೆಲದ ಮೇಲೆ ಓಡಬೇಕು. ವಿಮಾನ ಕಂಪನಿಗಳು ಇದೆಲ್ಲ ಸೇರಿಸಿಯೇ ಟಿಕೆಟ್‌ನಲ್ಲಿ ಸಮಯ ಹಾಕುತ್ತವೆ. ಜೆಟ್ ಆದರೂ ಈ ದಾರಿಯಲ್ಲಿ ಅರ್ಧ ತಾಸಿಗೆ ಬಾಗಿಲು ತೆರೆಯುವುದಿಲ್ಲ.

ನಿಮ್ಮಲ್ಲಿ ಅದೇ ವಿಮಾನದ ಟಿಕೆಟ್ ಮಾರುತ್ತೀರಿ. ಸರಿಯಾದ ಸಮಯ ನಿಮ್ಮ ಹತ್ತಿರವೇ ಇದೆ ಅಲ್ವಾ? ಅದನ್ನೇ ತೋರಿಸಿ. ಹೊಸ ಟಿಕೆಟ್ಟಿನ 6,840 ರೂಪಾಯಿ ವಾಪಸ್ ಕೊಡಿ. ಆ ದಿನ ನಾನು ಮಾತಾಡಿದ ಕರೆಯ ರೆಕಾರ್ಡಿಂಗ್ ತೆಗೆಸಿ ಕೇಳಿ. ಎರಡೂ ಟಿಕೆಟ್, ಪರದೆಯ ಫೋಟೋ ಜೊತೆಗಿಟ್ಟಿದ್ದೇನೆ.

15 ದಿನದಲ್ಲಿ ಉತ್ತರ ಬರದಿದ್ದರೆ ಧಾರವಾಡ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ನಿನ್ನೆ ರಾತ್ರಿ ಮತ್ತೆ ನೋಡಿದೆ. ಇನ್ನೂ 28 ನಿಮಿಷ ಎಂದೇ ಇದೆ.

ಇಂತಿ,
ನಿಮ್ಮ ಗ್ರಾಹಕ
ವಿದ್ಯಾನಗರ, ಹುಬ್ಬಳ್ಳಿ